ಮಾದರಿ ನಮೂದನ್ನು ಅಳಿಸಬಾರದು

ಸಂಶೋಧನೆ ಮಾಡುವವರಿಗೆ ಪ್ರಬಂಧದ ಕೊನೆಯ ಪುಟಗಳ ಮೇಲೆ ಇರುವಷ್ಟು ಮಮಕಾರ ಮೊದಲ ಪುಟಗಳ ಮೇಲೆ ಇರುವುದಿಲ್ಲ. ಒಳಗೆ ಏನು ಬರೆದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಗ್ರಂಥಋಣ ಎಷ್ಟು ಪುಟ ಬಂತು ಎಂದು ಎಲ್ಲರೂ ಕೇಳುತ್ತಾರೆ. ಓದಿದ ಪುಸ್ತಕ, ಓದಬೇಕೆಂದಿದ್ದ ಪುಸ್ತಕ, ಪಕ್ಕದವರ ಕೈಯಲ್ಲಿ ಕಂಡ ಪುಸ್ತಕ, ಎಲ್ಲವೂ ಅಲ್ಲಿ ಅಕಾರಾದಿಯಾಗಿ ಬಂದು ನಿಲ್ಲಬೇಕು. ಈ ಗುಟ್ಟು ಕೊಟ್ಟೂರಿನ ಅರುಣಕುಮಾರನಿಗೆ ಚೆನ್ನಾಗಿ ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ, ಅವನದೊಂದು ಡಿಟಿಪಿ ಸೆಂಟರ್ ಇತ್ತು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಕಡೆಯ ಪ್ರಬಂಧಗಳೆಲ್ಲ ಅಲ್ಲಿಗೇ ಟೈಪಿಗೆ ಬರುತ್ತಿದ್ದವು. ಒಬ್ಬರು ಲೇಖಕರ ಹೆಸರು ಮೊದಲು ಅನ್ನುವವರು, ಇನ್ನೊಬ್ಬರು ಪುಸ್ತಕದ ಹೆಸರು ಮೊದಲು ಅನ್ನುವವರು. ಇಸವಿಯನ್ನು ಮುಂದೆ ಹಾಕಿಸಿ, ಮಾರ್ಗದರ್ಶಕರು ಬೈದರೆಂದು ಮತ್ತೆ ಹಿಂದೆ ಹಾಕಿಸುವವರು. ಅವರ ಕಾಟ ತಾಳಲಾರದೆ ಅರುಣ ಎರಡು ಸಾವಿರದ ಒಂದರಲ್ಲಿ ತಾನೇ ಕೂತು ಒಂದು ತಂತ್ರಾಂಶ ಬರೆದ. ಹೆಸರು 'ಆಕರ'. ಪುಸ್ತಕದ ವಿವರ ಒಮ್ಮೆ ತುಂಬಿದರೆ ಸಾಕು. ಅಡಿಟಿಪ್ಪಣಿಯನ್ನೂ ಗ್ರಂಥಋಣವನ್ನೂ ಬೇಕಾದ ಕ್ರಮದಲ್ಲಿ ಅದೇ ಜೋಡಿಸಿ ಕೊಡುತ್ತಿತ್ತು.

ಹುಡುಗ ಜಾಣ. ಅದರಲ್ಲಿ ಎರಡು ಮಾತಿಲ್ಲ. ಜಾಣತನದ ಜೊತೆಗೆ ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ಕುಚೋದ್ಯ.

ಅವನ ಸೆಂಟರಿನ ಕೆಳಗೇ ನೂರಸಾಬನ ಗಾದಿ ಅಂಗಡಿ. ನೂರಸಾಬ ನದಾಫ ಹಳೆಯ ಗಾದಿಯ ಹತ್ತಿ ಹಿಂಜಿ, ಹೊಸ ಬಟ್ಟೆಗೆ ತುಂಬಿ, ಹೊಲಿದು ಕೊಡುವವನು. ಐವತ್ತೈದು ದಾಟಿದ ಮನುಷ್ಯ, ಗಟ್ಟಿಯಾಗಿ ಮಾತಾಡಿದವನಲ್ಲ. ಆದರೆ ಅವನ ಹಿಂಜುವ ಮಷೀನು ಅವನ ಪಾಲಿನ ಸದ್ದನ್ನೂ ಸೇರಿಸಿ ಮಾಡುತ್ತಿತ್ತು. ಹತ್ತಿಯ ಧೂಳು ಮೆಟ್ಟಿಲು ಹತ್ತಿ ಬಂದು ಅರುಣನ ಕಂಪ್ಯೂಟರಿನ ಹೊಟ್ಟೆ ಸೇರುತ್ತಿತ್ತು. 'ಆಕರ'ದ ಕೈಪಿಡಿ ಬರೆಯುತ್ತಿದ್ದ ದಿನವೇ ಒಳಗಿನ ಫ್ಯಾನಿಗೆ ಹತ್ತಿ ಸುತ್ತಿಕೊಂಡು ಕಂಪ್ಯೂಟರು ಬಂದಾಯಿತು. ಅರುಣ ಕೆಳಗೆ ಹೋಗಿ ರೇಗಾಡಿದ. ನೂರಸಾಬ, "ತಪ್ಪಾತು ತಮ್ಮಾ, ಬಾಗಿಲಿಗೆ ಗೋಣಿ ಪರದಿ ಕಟ್ಟತೀನಿ" ಎಂದು ಅಂದೇ ಕಟ್ಟಿದ. ಅರುಣನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಕೈಪಿಡಿಗೆ ಮಾದರಿಯಾಗಿ ಒಂದು ಪುಸ್ತಕದ ವಿವರ ಬೇಕಿತ್ತು. ಅವನು ಹಲ್ಲು ಕಡಿಯುತ್ತ ಕುಟ್ಟಿದ: ನದಾಫ, ನೂರಸಾಬ. 'ಹತ್ತಿ ಹಿಂಜುವ ಕಲೆ: ಒಂದು ಸಾಂಸ್ಕೃತಿಕ ಅಧ್ಯಯನ'. ನೂರ್ ಪ್ರಕಾಶನ, ಕೊಟ್ಟೂರು. ೧೯೯೨. ಕುಟ್ಟಿ, ಒಬ್ಬನೇ ನಕ್ಕ.

ಅಷ್ಟರಲ್ಲೇ ಮುಗಿದಿದ್ದರೆ ಅದೊಂದು ಹುಡುಗಾಟ. ಆದರೆ ತಂತ್ರಾಂಶದಲ್ಲಿ ಒಂದು ದೋಷವಿತ್ತು. ಪಟ್ಟಿಯಲ್ಲಿ ಒಂದಾದರೂ ಪುಸ್ತಕ ಇಲ್ಲದಿದ್ದರೆ 'ಆಕರ' ತೆರೆದುಕೊಳ್ಳುತ್ತಲೇ ಇರಲಿಲ್ಲ; ಒಂದು ಇಂಗ್ಲಿಷ್ ಬೈಗುಳ ತೋರಿಸಿ ಮುಚ್ಚಿಕೊಳ್ಳುತ್ತಿತ್ತು. ಸರಿಮಾಡಲು ಕೂತರೆ ಆಗುತ್ತಿತ್ತು. ಮರುದಿನ ಸಿ.ಡಿ. ಕೊಡಬೇಕಿತ್ತು, ನಿದ್ದೆ ಬರುತ್ತಿತ್ತು. ಅರುಣ ಕೆಲಸದ ಬದಲು ಒಂದು ವಾಕ್ಯ ಬರೆದ. ಕೈಪಿಡಿಯ ಮೂರನೆಯ ಪುಟದಲ್ಲಿ, ದಪ್ಪ ಅಕ್ಷರದಲ್ಲಿ: 'ಮಾದರಿ ನಮೂದನ್ನು ಯಾವುದೇ ಕಾರಣಕ್ಕೂ ಅಳಿಸಬಾರದು.'

ಅಚ್ಚಾದ ಮಾತಿಗೆ ನಮ್ಮ ಕಾಲೇಜುಗಳಲ್ಲಿ ಇರುವ ಮರ್ಯಾದೆ ಏನು ಹೇಳುವುದು! ಯಾವ ಗ್ರಂಥಪಾಲಕರೂ ಅಳಿಸಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬರಂತೂ, ಹೊಸ ಖಾತೆ ವಹಿಯ ಮೊದಲ ಪುಟದ ಶ್ರೀಕಾರವನ್ನು ಯಾರಾದರೂ ಒರೆಸುತ್ತಾರೆಯೇ ಎಂದು ಸಹಾಯಕನಿಗೆ ಗದರಿದ್ದರು. ಇತ್ತ ತಂತ್ರಾಂಶದಲ್ಲಿ 'ಎಲ್ಲವನ್ನೂ ಸೇರಿಸಿ' ಎಂಬ ಗುಂಡಿಯೂ ಇತ್ತು. ಗ್ರಂಥಋಣ ದಪ್ಪವಾಗಬೇಕೆನ್ನುವವರು ಆ ಗುಂಡಿ ಬಿಟ್ಟು ಬೇರೆ ಏಕೆ ಒತ್ತಿಯಾರು? ಬರೆಯದ ಪುಸ್ತಕ ಪ್ರಬಂಧದಿಂದ ಪ್ರಬಂಧಕ್ಕೆ ನಡೆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದರ ಎಂಬತ್ತೇಳನೆಯ ಪುಟದಿಂದ ಒಂದು ಮಾತನ್ನೂ ಉದ್ಧರಿಸಿದ್ದರು. ಟೈಪು ಮಾಡುವಾಗ ಅದು ಕಣ್ಣಿಗೆ ಬಿದ್ದು ಅರುಣನಿಗೆ ನಗುವೂ ಬಂತು, ಒಳಗೆ ಸಣ್ಣಗೆ ಚುಚ್ಚಿತು ಕೂಡ. ಹೇಳಿದರೆ ದೋಷ ಹೊರಬೀಳುತ್ತದೆ. ನೋಡಿದರಾಯಿತು ಎಂದು ಮುಂದಿನ ಪುಟಕ್ಕೆ ಹೋದ.

ಎರಡು ಸಾವಿರದ ನಾಲ್ಕರಲ್ಲಿ ಹರಪನಹಳ್ಳಿಯ ಕಾಲೇಜೊಂದರಲ್ಲಿ ಕುಶಲಕರ್ಮಿಗಳ ಬಗ್ಗೆ ವಿಚಾರ ಸಂಕಿರಣ ಏರ್ಪಾಡಾಯಿತು. ನಡೆಸುತ್ತಿದ್ದವರು ಅಲ್ಲಿನ ಕನ್ನಡ ಅಧ್ಯಾಪಕ ಪಂಚಾಕ್ಷರಪ್ಪ. ಅರುಣನಿಗೆ ಪಾಠ ಹೇಳಿದ ಗುರುಗಳು, 'ಆಕರ'ವನ್ನು ಊರೂರಿಗೆ ಹೊತ್ತು ಹೊಗಳಿದವರು. ಅದೇ ಸಭೆಯಲ್ಲಿ 'ಆಕರ'ದ ಹೊಸ ಆವೃತ್ತಿಯ ಬಿಡುಗಡೆ. ಹೊರಗಿನಿಂದ ಬರುವ ದೊಡ್ಡ ಪ್ರಾಧ್ಯಾಪಕರು ಒಪ್ಪಿದರೆ ಅವರ ವಿಶ್ವವಿದ್ಯಾಲಯದ ಎಲ್ಲ ವಿಭಾಗಗಳಿಗೂ ಅದು ಹೋಗುವುದಿತ್ತು. ಅರುಣ ಹಗಲುಗನಸು ಕಾಣುತ್ತ ಕೂತಿದ್ದಾಗ ಕೆಳಗಿನಿಂದ ನೂರಸಾಬ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಸಂಕಿರಣದವರ ಲಕೋಟೆ. ಹಿಂದೆ ಅವನ ಮಗಳು ಸಲ್ಮಾ. ಅದೇ ಹರಪನಹಳ್ಳಿ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ದಿನಾ ಬಸ್ಸಿನಲ್ಲಿ ಹೋಗಿ ಬರುವಳು.

"ಅರುಣಪ್ಪ, ಇದೇನೋ ನೋಡಪಾ. ನಾ ಪುಸ್ತಕ ಬರದೀನಂತ. ಶಾಲು ಹಾಕ್ತಾರಂತ. ಸಲ್ಮಾ ಓದಿ ಹೇಳಿದ್ಳು. ನನಗ ಸಹಿ ಮಾಡಾಕ ಬರಂಗಿಲ್ಲ, ಹೆಬ್ಬಟ್ಟು ಒತ್ತತೀನಿ. ನಾ ಯಾವ ಪುಸ್ತಕ ಬರೀಲಿ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ ಎಂದು ಅರುಣನಿಗೆ ಗೊತ್ತಿತ್ತು. ಎದುರಿಗೆ ಇಬ್ಬರೇ. ಒಂದು ಕ್ಷಮೆ, ಒಂದು ಬೈಗುಳ, ಪಂಚಾಕ್ಷರಪ್ಪನವರಿಗೆ ಒಂದು ಫೋನು, ಮುಗಿಯುತ್ತಿತ್ತು. ಆದರೆ ಫೋನು ಮಾಡಿದರೆ ಅವರು ಕೇಳುತ್ತಾರೆ: ಮಾದರಿಯನ್ನು ಅಳಿಸಬಾರದೆಂದು ಏಕೆ ಬರೆದೆ? ಅಲ್ಲಿಗೆ ಬಿಡುಗಡೆಯ ಕತೆ ಮುಗಿದಂತೆ.

"ಕಾಕಾ, ನೀವು ಬರೀಲಿಲ್ಲಂದ್ರ ಏನಾತು? ಯಾರೋ ನಿಮ್ಮನ್ನ ಕೇಳಿಕೊಂಡು ಹೋಗಿ ಬರದಿರ್ತಾರ. ಹೆಸರು ನಿಮ್ದು ಹಾಕಿರ್ತಾರ. ಈಗ ಹಂಗ ಮಾಡ್ತಾರ" ಎಂದ. ಸುಳ್ಳು ಎಷ್ಟು ನುಣ್ಣಗೆ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ನೂರಸಾಬ ನೆನಪು ಮಾಡಿಕೊಂಡ. "ಹೌದು ನೋಡು. ಒಂದ್ಸಲ ಹೊಸಪೇಟಿಯಿಂದ ಒಬ್ರು ಟೇಪ್ ತಗೊಂಡು ಬಂದಿದ್ರು. ನಮ್ಮಪ್ಪ ಬಿಲ್ಲಿನ್ಯಾಗ ಹತ್ತಿ ಹಿಂಜತಿದ್ದುದ್ನ ಹೇಳಿದ್ದೆ. ಅವ್ರಾ ಇರಬೇಕು." ಅವನ ಮುಖ ಅರಳಿತು. "ಪುಸ್ತಕ ನಿನ್ನ ಕಡೆ ಐತೇನು?"

"ಐತಿ, ಎಲ್ಲೋ ಐತಿ. ಹುಡುಕಿ ಕೊಡ್ತೀನಿ. ನೀವು ಸುಮ್ನ ಕುಂದ್ರಿ, ಶಾಲು ಹಾಕಿಸಿಕೊಂಡು ಕೈ ಮುಗದು ಬರ್ರಿ."

ಮೆಟ್ಟಿಲಿಳಿಯುವಾಗ ಸಲ್ಮಾ ಅಪ್ಪನ ಕೈಯಿಂದ ಲಕೋಟೆ ಇಸಿದುಕೊಂಡು ಮತ್ತೊಮ್ಮೆ ಓದಿದಳು. ಮರುದಿನದ ಹೊತ್ತಿಗೆ ಅವಳ ತರಗತಿಗೆಲ್ಲ ಸುದ್ದಿ ಮುಟ್ಟಿತ್ತು. ಹುಡುಗಿ ಎಂದೂ ಅಪ್ಪನ ಕಸುಬನ್ನು ಗೆಳತಿಯರ ಮುಂದೆ ಎತ್ತಿದವಳಲ್ಲ. ಈಗ ತಾನಾಗಿಯೇ ಹೇಳಿಕೊಂಡು ಬಂದಳು. ನೂರಸಾಬ ಹೊಸ ಬಿಳಿ ಜುಬ್ಬಾ ಹೊಲಿಸಿದ. ಬಂದ ಗಿರಾಕಿಗಳಿಗೆಲ್ಲ, ಆ ದಿನ ಅಂಗಡಿ ಇರುವುದಿಲ್ಲ ಎಂದು ಹೇಳುವ ನೆಪದಲ್ಲಿ ಕಾರಣವನ್ನೂ ಹೇಳಿದ. ಮಹಡಿಯ ಮೇಲೆ ಅದೆಲ್ಲ ಕೇಳುತ್ತಿತ್ತು. ಅರುಣ ಕಿಟಕಿ ಮುಚ್ಚಿಕೊಂಡು ಕೂತ.

ಸಂಕಿರಣದ ದಿನ ಸಭಾಂಗಣ ತುಂಬಿತ್ತು. ನಾಲ್ಕೂ ಕಡೆಯ ಊರುಗಳಿಂದ ಅಧ್ಯಾಪಕರು, ಸಂಶೋಧಕರು ಬಂದಿದ್ದರು. ಹಿಂದಿನ ಸಾಲುಗಳಲ್ಲಿ ವಿದ್ಯಾರ್ಥಿಗಳು. ಅವರ ನಡುವೆ ಸಲ್ಮಾ. ವೇದಿಕೆಯ ಮೇಲೆ ನೂರಸಾಬನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಪೇಟ ಇಟ್ಟರು. ಕುರ್ಚಿಯ ತುದಿಯಲ್ಲಿ ಕೂತಿದ್ದ ಅವನು ಬುಟ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡ. ಇಷ್ಟಕ್ಕೇ ಮುಗಿಯಲಪ್ಪ ಎಂದು ಅರುಣ ಎರಡನೆಯ ಸಾಲಿನಲ್ಲಿ ಉಗುರು ಕಚ್ಚುತ್ತಿದ್ದ.

ಆಗ ಅತಿಥಿ ಪ್ರಾಧ್ಯಾಪಕರು ಮೈಕಿಗೆ ಬಂದರು. ಸಜ್ಜನರು. ಯಾರನ್ನೂ ಪರೀಕ್ಷೆ ಮಾಡುವ ಉದ್ದೇಶ ಅವರಿಗಿರಲಿಲ್ಲ. "ನೂರಸಾಬರ ಪುಸ್ತಕವನ್ನು ನಾನು ಹುಡುಕದ ಗ್ರಂಥಾಲಯ ಇಲ್ಲ. ಎಷ್ಟೋ ಪ್ರಬಂಧಗಳಲ್ಲಿ ಉಲ್ಲೇಖವಿದೆ, ಪ್ರತಿ ಮಾತ್ರ ಸಿಕ್ಕಿಲ್ಲ. ತಮ್ಮ ಬಳಿ ಒಂದು ಪ್ರತಿ ಇದ್ದರೆ ನಮ್ಮ ವಿಶ್ವವಿದ್ಯಾಲಯಕ್ಕೆ ದಯಪಾಲಿಸಬೇಕು" ಎಂದು ಕೈಮುಗಿದರು.

ನೂರಸಾಬ ಎದ್ದು ನಿಂತ. ಬುಟ್ಟಿ ಇನ್ನೂ ಕೈಯಲ್ಲೇ ಇತ್ತು. "ನನ್ನ ಕಡೆ ಇಲ್ರಿ. ಅರುಣಪ್ಪನ ಕಡೆ ಐತ್ರಿ. ಅವಂಗ ಎಲ್ಲಾ ಗೊತ್ತೈತಿ. ಅಗಾ, ಅಲ್ಲಿ ಕುಂತಾನ ನೋಡ್ರಿ" ಎಂದು, ನಂಬಿಕೆಯಿಂದ, ಬೆರಳು ತೋರಿಸಿದ.

ಸಭೆಯ ಕಣ್ಣುಗಳೆಲ್ಲ ಅರುಣನ ಕಡೆ ತಿರುಗಿದವು. ಪಂಚಾಕ್ಷರಪ್ಪ ನಗುತ್ತಲೇ ಕೇಳಿದರು: "ಏನಪ್ಪಾ ಅರುಣ, ಪುಸ್ತಕ ಬಚ್ಚಿಟ್ಕಂಡು ಕುಂತೀಯೇನು? ಎಲ್ಲೈತೆ ಹೇಳು."

ಅರುಣ ಎದ್ದ. ಎದುರಿನ ಮೇಜಿನ ಮೇಲೆ ಹೊಸ ಆವೃತ್ತಿಯ ಸಿ.ಡಿ.ಗಳು ಬಣ್ಣದ ಕಾಗದ ಸುತ್ತಿಕೊಂಡು ಕೂತಿದ್ದವು. "ನನಗ ಗೊತ್ತಿಲ್ಲ ಸರ್" ಎಂದ. "ಕಾಕಾನೇ ಹೇಳಿದ್ರು, ನಾ ಪುಸ್ತಕ ಬರದೀನಿ, ಸೇರಿಸು ಅಂತ. ಹಿರಿಯರು, ನಂಬಿ ಸೇರಿಸಿದೆ. ಪುಸ್ತಕ ನಾನೂ ನೋಡಿಲ್ಲ."

ನೂರಸಾಬ ಅರುಣನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅರುಣ ಬದುಕಿಕೊಳ್ಳುತ್ತಿದ್ದ. ತನ್ನ ಕಿವಿಗೇ ತಪ್ಪು ಕೇಳಿಸಿತೇನೋ ಎನ್ನುವ ಹಾಗೆ ಅವನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಆಮೇಲೆ ಅರ್ಥವಾಯಿತು. ಅರ್ಥವಾದದ್ದು ಅರುಣನಿಗೂ ಕಂಡಿತು. ನೂರಸಾಬ ಮೈಕಿನ ಕಡೆ ತಿರುಗಿ, "ಹೌದ್ರಿ. ನಾನಾ ಹೇಳಿದ್ದೆ. ಪುಸ್ತಕ ಇಲ್ರಿ. ತಪ್ಪಾತು" ಎಂದ.

ಹಿಂದಿನಿಂದ ಯಾವನೋ, "ಗಾದಿ ಸಾಬನ ಪಿಎಚ್.ಡಿ.!" ಎಂದ. ನಗು ಸಾಲಿನಿಂದ ಸಾಲಿಗೆ ಹರಿಯಿತು. ನೂರಸಾಬ ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟ, ಪೇಟ ತೆಗೆದು ಅದರ ಪಕ್ಕಕ್ಕಿಟ್ಟ, ಶಾಲನ್ನು ಅಂಚಿಗೆ ಅಂಚು ಹೊಂದಿಸಿ ಮಡಚಿ ಮೇಲಿಟ್ಟ. ಅವಸರ ಮಾಡಲಿಲ್ಲ. ಪಂಚಾಕ್ಷರಪ್ಪ ಗಡಬಡಿಸಿ ಚಹಾದ ವಿರಾಮ ಘೋಷಿಸಿದರು. ಅರುಣ ತಿರುಗಿ ಹಿಂದೆ ನೋಡುವ ಧೈರ್ಯ ಮಾಡಲಿಲ್ಲ. ಸಲ್ಮಾ ಕೂತಿದ್ದ ಕಡೆ ನೋಡದೆಯೇ ಅವಳು ಎಲ್ಲಿ ಕೂತಿದ್ದಾಳೆಂದು ಅವನ ಬೆನ್ನಿಗೆ ಗೊತ್ತಿತ್ತು.

ಮಧ್ಯಾಹ್ನ 'ಆಕರ' ಬಿಡುಗಡೆಯಾಯಿತು. ಪ್ರಾಧ್ಯಾಪಕರು ಹೊಗಳಿದರು. ಬೆಳಗಿನ ಪ್ರಸಂಗದಿಂದ ಬೇಸರ ಪಡಬೇಕಿಲ್ಲ, ಯಾರೋ ತಪ್ಪು ಮಾಹಿತಿ ಕೊಟ್ಟರೆ ಅದು ಉಪಕರಣದ ದೋಷವಲ್ಲ, ಇಂಥ ತಂತ್ರಾಂಶದಿಂದಲೇ ಸಂಶೋಧನೆಗೆ ಶಿಸ್ತು ಬರುವುದು ಎಂದರು. ಚಪ್ಪಾಳೆ ಬಿತ್ತು. ನೆಲ ಬಿರಿದು ನುಂಗಬಾರದೇ ಎಂದು ಜನ ಸುಮ್ಮನೆ ಅನ್ನುವುದಿಲ್ಲ. ಅರುಣ ಆ ಚಪ್ಪಾಳೆಯ ಕೆಳಗೆ ಕೈಮುಗಿದುಕೊಂಡು ನಿಂತಿದ್ದ. ತನ್ನ ಮೇಲೆ ತನಗೇ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅವರಿಬ್ಬರೂ ಇರಬಹುದೆಂದು ಅವನಿಗೆ ಹೊಳೆದದ್ದು ಹತ್ತಿದ ಮೇಲೆ. ಮೂರನೆಯ ಸೀಟಿನಲ್ಲಿ ಅಪ್ಪ, ಮಗಳು. ಸಲ್ಮಾ ಕಿಟಕಿಗೆ ಮುಖ ಹಾಕಿದ್ದಳು, ಇತ್ತ ತಿರುಗಲಿಲ್ಲ. ಅರುಣ ತಲೆ ತಗ್ಗಿಸಿ ಹಿಂದಕ್ಕೆ ಹೋಗಿ ಕೂತ. ಕಂಡಕ್ಟರ್ ಬಂದಾಗ ಮುಂದಿನಿಂದ ನೂರಸಾಬನ ದನಿ ಕೇಳಿತು: "ಮೂರು ಕೊಟ್ಟೂರು ಕೊಡ್ರಿ. ಹಿಂದ ನಮ್ಮ ಹುಡುಗ ಒಬ್ಬ ಅದಾನ." ಅರುಣನಿಗೆ ಅಲ್ಲೇ ಇಳಿದುಬಿಡಬೇಕೆನಿಸಿತು. ಇಳಿಯಲಿಲ್ಲ. ಕೊಟ್ಟೂರಿನ ತನಕ ಎದುರು ಸೀಟಿನ ಕಂಬಿ ಹಿಡಿದು ಕೂತಿದ್ದ.

ಮರುದಿನ ಅವನು ಮೊದಲು ಮಾಡಿದ ಕೆಲಸ ದೋಷ ಸರಿಪಡಿಸಿದ್ದು. ಎರಡೇ ಎರಡು ಸಾಲು. ಹೋಟೆಲಿನಿಂದ ತರಿಸಿದ ಚಹಾ ಆರುವಷ್ಟರಲ್ಲಿ ಮುಗಿಯಿತು. ಮೂರು ವರ್ಷದ ಸುಳ್ಳಿಗೆ, ಒಬ್ಬ ಮನುಷ್ಯನ ಮಾನಕ್ಕೆ, ಇಷ್ಟೇ ಕೆಲಸ ಬೇಕಿತ್ತು. ಅವನಿಗೆ ಅಳು ಬಂತು.

ಧೈರ್ಯ ಮಾಡಿ ಹರಪನಹಳ್ಳಿಗೆ ಹೋಗಿ ಪಂಚಾಕ್ಷರಪ್ಪನವರ ಮನೆಯಲ್ಲಿ ಎಲ್ಲ ಹೇಳಿದ. ಗುರುಗಳು ಬೈಯುತ್ತಾರೆ, ಬೈದರೆ ಹಗುರವಾಗುತ್ತದೆ ಎಂದುಕೊಂಡಿದ್ದ. ಅವರು ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದು ಕೂತರು. "ಆದದ್ದು ಆತು, ಬಿಡಪ್ಪಾ. ಈಗ ಎತ್ತಿದ್ರೆ ನಿಂದೂ ಹೋಗುತ್ತೆ, ನಂದೂ ಹೋಗುತ್ತೆ. ಆ ಪ್ರಬಂಧಗಳಿಗೆ ಸಹಿ ಹಾಕಿದೋರು ಎಷ್ಟು ಜನ ಅದಾರೆ ಗೊತ್ತೈತೇನು? ನೂರಸಾಬ ಪಾಪ ಒಳ್ಳೆ ಮನುಷ್ಯ, ನಾಲ್ಕು ದಿನಕ್ಕೆ ಮರೀತಾನೆ" ಎಂದರು.

ಅರುಣನಿಗೆ ಸಮಾಧಾನವಾಯಿತು. ನಿಜವಾಗಿಯೂ ಆಯಿತು, ಅದೇ ನಾಚಿಕೆಗೇಡು. ಆ ಸಮಾಧಾನ ಹೊತ್ತುಕೊಂಡು ಅವನು ಮನೆಗೆ ಬಂದ, ಉಂಡ, ಮಲಗಿದ, ಸೆಂಟರು ತೆರೆದ. ಕೆಳಗಿನ ಮಷೀನು ಎಂದಿನಂತೆ ಸದ್ದು ಮಾಡುತ್ತಿತ್ತು. ಅವನು ಮೆಟ್ಟಿಲಿಳಿಯುವಾಗ ಅಂಗಡಿಯ ಕಡೆ ನೋಡದೆ ಸರಸರ ದಾಟುವುದನ್ನು ಕಲಿತ. ಒಂದು ದಿನ ಹಾಗೆ ದಾಟುವಾಗ ನೂರಸಾಬ ಒಳಗಿನಿಂದಲೇ ಕೂಗಿದ: "ಅರುಣಪ್ಪ, ಧೂಳು ಮ್ಯಾಗ ಬರತೈತೇನು? ಗೋಣಿ ಹರದೈತಿ, ಬ್ಯಾರೆ ಕಟ್ಟತೀನಿ." ಅರುಣ ಓಡಿದ. ಓಡಿದ ಅನ್ನುವುದು ಅಲಂಕಾರದ ಮಾತಲ್ಲ, ಓಣಿಯ ಜನ ನೋಡುತ್ತಿದ್ದಂತೆ ನಿಜವಾಗಿಯೂ ಓಡಿದ.

ಅಂದು ಸಂಜೆಯೇ ಪಂಚಾಕ್ಷರಪ್ಪನವರಿಗೆ ಫೋನು ಮಾಡಿ, "ನಾಳಿ ಬಿ.ಎ. ಕ್ಲಾಸಿಗೆ ಬರ್ತೀನಿ ಸರ್. ನೀವು ಒಪ್ಪದಿದ್ರೂ ಬರ್ತೀನಿ" ಎಂದ. ಅತಿಥಿ ಪ್ರಾಧ್ಯಾಪಕರಿಗೂ ಕಾಗದ ಬರೆದು ಅಂಚೆಗೆ ಹಾಕಿದ.

ತರಗತಿಯಲ್ಲಿ ಅವನು ಹಲಗೆಗೆ ಬೆನ್ನು ಕೊಟ್ಟು ನಿಂತ. ಆಮೇಲೆ ಹೇಳಿದ: ಆ ಪುಸ್ತಕ ತಾನು ಸಿಟ್ಟಿನಲ್ಲಿ ಹುಟ್ಟಿಸಿದ್ದು, ಅಳಿಸಬಾರದೆಂದು ಬರೆದದ್ದು ತನ್ನ ಸೋಮಾರಿತನ ಮುಚ್ಚಲು, ನೂರಸಾಬ ಸುಳ್ಳು ಹೇಳಿದ್ದು ಒಂದೇ ಸಲ, ಅದೂ ತನ್ನನ್ನು ಉಳಿಸಲು. ಹುಡುಗರು ಈ ಸಲ ನಗಲಿಲ್ಲ. ಅರುಣ ಸಾಲುಸಾಲಾಗಿ ಹುಡುಕಿದ. ಸಲ್ಮಾ ಕಾಣಲಿಲ್ಲ. ಕೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, "ಆ ದಿನದಿಂದ ಅವಳು ಬಂದೇ ಇಲ್ಲ ಸರ್" ಎಂದಳು.

ಕೊಟ್ಟೂರಿಗೆ ಬಂದವನು ಮೆಟ್ಟಿಲು ಹತ್ತಲಿಲ್ಲ, ನೇರ ಅಂಗಡಿಯೊಳಗೆ ಹೋದ. ಸಲ್ಮಾ ಅಪ್ಪನ ಎದುರು ಕೂತು, ಉದ್ದನೆಯ ಸೂಜಿಯಿಂದ ಗಾದಿಯ ಅಂಚು ಹೊಲಿಯುತ್ತಿದ್ದಳು. ತಲೆಗೂದಲ ಮೇಲೆಲ್ಲ ಹತ್ತಿಯ ಎಳೆ.

"ಬಾರಪಾ ಅರುಣಪ್ಪ, ಕುಂದ್ರು" ಎಂದು ನೂರಸಾಬ ಆಗಷ್ಟೇ ಮುಗಿದ ಹೊಸ ಗಾದಿಯನ್ನು ಅವನ ಕಡೆ ಸರಿಸಿದ. ಅರುಣ ಕೂರಲಿಲ್ಲ. ನಿಂತುಕೊಂಡೇ, ತಡವರಿಸುತ್ತ, "ಕಾಕಾ, ನಾ ಕಾಲೇಜಿಗೆ ಹೋಗಿ ಎಲ್ಲಾ ಖರೇ ಹೇಳಿ ಬಂದೆ. ಸಲ್ಮಾನ ಕ್ಲಾಸಿನವರ ಮುಂದ" ಎಂದ.

ನೂರಸಾಬ ಮಷೀನು ನಿಲ್ಲಿಸಿದ. "ಯಾಕ ಹೋದಿ? ನಿನ್ನ ಹೆಸರು ಕೆಡಸಿಕೊಂಡ್ಯಲ್ಲೋ" ಎಂದ, ಬೇಸರದಿಂದ. ಅವನಿಗೆ ನಿಜಕ್ಕೂ ಬೇಸರವಾಗಿತ್ತು.

ಸಲ್ಮಾ ಹೊಲಿಗೆ ಬಿಡಲಿಲ್ಲ. ದಾರವನ್ನು ಎಳೆದು ಬಿಗಿಮಾಡಿ, ತಲೆಯೆತ್ತದೆ ಕೇಳಿದಳು: "ಅಣ್ಣಾ, ಆವತ್ತು ನಮ್ಮಪ್ಪಗ ನಕ್ಕವರೆಲ್ಲ ಇದ್ರೇನು ಅಲ್ಲಿ?"

ಅರುಣನಿಗೆ ಆ ಸಭಾಂಗಣ ಕಣ್ಣಿಗೆ ಬಂತು. ಹಡಗಲಿಯವರು, ಕೂಡ್ಲಿಗಿಯವರು, ಹಗರಿಬೊಮ್ಮನಹಳ್ಳಿಯವರು, ಎಲ್ಲಿಂದಲೋ ಬಂದು ನಕ್ಕು ತಂತಮ್ಮ ಊರಿಗೆ ಆ ನಗುವನ್ನು ಹೊತ್ತೊಯ್ದವರು. ಅವರ ಹೆಸರೂ ಅವನಿಗೆ ಗೊತ್ತಿರಲಿಲ್ಲ.

"ಇಲ್ಲ" ಎಂದ.

"ಪರೀಕ್ಷಿ ಬರೀತೀನಿ. ಕ್ಲಾಸಿಗೆ ಹೋಗಂಗಿಲ್ಲ" ಎಂದಳು ಸಲ್ಮಾ, ಅವನಿಗಲ್ಲ, ಅಪ್ಪನಿಗೆ. ನೂರಸಾಬ ಮತ್ತೆ ಮಷೀನು ಹಚ್ಚಿದ. ಅರುಣ ಇನ್ನೂ ನಿಂತೇ ಇದ್ದ. ಅವನಿಗೆ ಹೋಗು ಎಂದು ಯಾರೂ ಹೇಳಲಿಲ್ಲ.